ನನ್ನ ವೇಸ್ಟ್ ತೊಂಬತ್ತಾರು

ಏಪ್ರಿಲ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಟೊರೆನ್ಸ್‌ನ ನಮ್ಮ ಬೀದಿಯ ಜನ ಬೀಚಿಗೆ ಹೋಗುತ್ತಾರೆ. ನಾವು ಎರಡೂವರೆ ಗಂಟೆ ಡ್ರೈವ್ ಮಾಡಿ, ಕರಗುತ್ತಿರುವ ಹಿಮ ಹುಡುಕಿಕೊಂಡು ಬೆಟ್ಟ ಹತ್ತುತ್ತೇವೆ. ಈ ಹುಚ್ಚು ಹಿಡಿದದ್ದು ಕೊರೊನಾ ಕಾಲದಲ್ಲಿ. ಬಾಗಿಲು ಮುಚ್ಚಿಕೊಂಡು ಕೂತು ಮಗಳೂ ನಾನೂ ಒಬ್ಬರ ಮೇಲೊಬ್ಬರು ಹರಿಹಾಯತೊಡಗಿದಾಗ, ಬಯಲಿನಲ್ಲಿ ಆಡುವಂಥದ್ದು ಏನಾದರೂ ಕಲಿಯಿರಿ ಎಂದು ಗಂಡನೇ ನಮ್ಮಿಬ್ಬರನ್ನೂ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಕ್ಲಾಸಿಗೆ ಸೇರಿಸಿದ್ದ. ಮಗಳು ಒಂದೇ ಚಳಿಗಾಲದಲ್ಲಿ ಕಲಿತಳು. ನನಗೆ ಮೂರು ಚಳಿಗಾಲ ಬೇಕಾಯಿತು, ಅದೂ ಬೆಳಗಿನ ಗಟ್ಟಿ ಹಿಮದ ಮೇಲೆ ಮಾತ್ರ.

ಮಧ್ಯಾಹ್ನದ ಹಿಮ ಬೇರೆಯೇ ಜಾತಿ. ವಸಂತದ ಬಿಸಿಲಿಗೆ ನೀರು ಕುಡಿದು ಭಾರವಾಗಿ, ಧಾರವಾಡದ ಕಡೆಯ ಮಳೆಗಾಲದ ಎರೆಮಣ್ಣಿನಂತೆ ಕಾಲು ಹಿಡಿಯುತ್ತದೆ. ಹಿಂದಿನ ವರ್ಷ ಅಂಥದ್ದರಲ್ಲಿ ನನ್ನ ಎರಡೂ ಸ್ಕೀ ಹೂತುಹೋಗಿ, ರಕ್ಷಣಾ ಸಿಬ್ಬಂದಿ ನನ್ನನ್ನು ಹಿಮದ ಮೇಲೆ ಎಳೆಯುವ ಜಾರುಬಂಡಿಯಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ಬೆಲ್ಟು ಬಿಗಿದು ಕೆಳಗಿಳಿಸಿದ್ದರು. ಮೈಗೆ ಏನೂ ಆಗಿರಲಿಲ್ಲ. ಮಗಳ ಗೆಳತಿಯರು ಸಾಲಾಗಿ ನಿಂತು ನೋಡಿದರು, ಅಷ್ಟೇ.

ಹಾಗಾಗಿ ಈ ಸಲ ಹೊರಡುವ ಮುಂಚೆಯೇ ಮಗಳು ತೀರ್ಪು ಕೊಟ್ಟಳು. "ಅಮ್ಮಾ, ಪ್ಲೀಸ್. ಯೂ ಸ್ಟೇ ಇನ್ ದ ಕೆಫೆ. ವಾಚ್ ಅವರ್ ಬ್ಯಾಗ್ಸ್."

ಹದಿನೇಳು ವರ್ಷದವಳು, ಸೆಪ್ಟೆಂಬರಿಗೆ ಸ್ಯಾನ್ ಡಿಯಾಗೋದ ಕಾಲೇಜಿಗೆ ಹೊರಟವಳು. ಅವಳ ಜೊತೆ ಬೆಟ್ಟ ಇಳಿಯಲು ನನಗೆ ಉಳಿದದ್ದು ಇದೊಂದು ವಸಂತ. ಅದನ್ನು ಚೀಲ ಕಾಯುತ್ತ ಕಳೆಯುವುದೇ? ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಯಿತು. ಮರುದಿನವೇ ಗಂಡನನ್ನು ಎಳೆದುಕೊಂಡು ಸ್ಕೀ ಅಂಗಡಿಗೆ ಹೊರಟೆ.

"ವರ್ಷಕ್ಕ ನಾಕ್ ಸರ್ತಿ ಬೀಳಾಕ ಬಾಡಿಗಿ ಸ್ಕೀ ಸಾಕಲ್ಲ?" ಎಂದ ಅವನು.

"ಬೀಳೋದು ಬ್ಯಾಡಂತನ ಕೊಳ್ಳಾಕ ಹೊಂಟೀನಿ. ಸುಮ್ಮನ ಗಾಡಿ ಹೊಡಿ."

ಅಂಗಡಿಯಲ್ಲಿದ್ದವನು ಬಿಳಿ ಜುಟ್ಟು ಕಟ್ಟಿದ, ಅರವತ್ತು ದಾಟಿದ ಅಮೆರಿಕನ್. ಕರಗಿದ ಹಿಮದಲ್ಲಿ ಓಡುವ ಸ್ಕೀ ಬೇಕು ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ವೇಸ್ಟ್ ಎಷ್ಟು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ನಲವತ್ತಾರು ವರ್ಷದಲ್ಲಿ ಯಾವ ಪರಗಂಡಸೂ ನನ್ನ ಸೊಂಟದ ಅಳತೆ ಕೇಳಿರಲಿಲ್ಲ. ಜಾರುಬಂಡಿಯ ಬೆಲ್ಟು ನೆನಪಾಗಿ, ಸುರಕ್ಷತೆಗೆ ಬೇಕೇನೋ ಎಂದುಕೊಂಡು "ಮೂವತ್ತೆರಡು" ಎಂದೆ. ಅದು ಮಗಳು ಹುಟ್ಟುವ ಮುಂಚಿನ ಅಳತೆ.

ಅವನು ಮುಖ ಗಂಭೀರ ಮಾಡಿಕೊಂಡ. "ಅಷ್ಟು ಸಣ್ಣದನ್ನು ನಾನು ಕಂಡೇ ಇಲ್ಲ. ನೀವು ಹೇಳುವುದು ನೋಡಿದರೆ ತೊಂಬತ್ತೈದಕ್ಕಿಂತ ಕಡಿಮೆ ಇರಲಾರದು."

ಹಿಂದೆ ನಿಂತಿದ್ದ ಗಂಡ ಕನ್ನಡದಲ್ಲಿ, "ಈ ಮನಷ್ಯಾ ಖರೇ ಹೇಳತಾನ ನೋಡು," ಎಂದ. ನಾನು ಅವನ ಕಾಲು ತುಳಿದೆ.

ಅಂಗಡಿಯವನು ಒಂದು ಸ್ಕೀ ತೆಗೆದು ತೋರಿಸಿದ ಮೇಲೆ ತಿಳಿಯಿತು: ವೇಸ್ಟ್ ಎಂದರೆ ನನ್ನದಲ್ಲ, ಸ್ಕೀಯ ಸೊಂಟ. ಹಿಂದೆ ಮುಂದೆ ಅಗಲವಾಗಿದ್ದು ನಡುವೆ ಸಣ್ಣಗಾಗುವ ಹಲಗೆಯಲ್ಲಿ, ಬೂಟು ಕೂರುವ ಜಾಗದ ಅಗಲ. ಅದೂ ಮಿಲಿಮೀಟರಿನಲ್ಲಿ. ಯೂನಿಟ್ ಕೇಳದೆ ಸಂಖ್ಯೆ ಹೇಳಬೇಡಿ ಎಂದು ಆಫೀಸಿನಲ್ಲಿ ಜೂನಿಯರ್‌ಗಳ ಮೇಲೆ ರೇಗುವವಳು ನಾನೇ. ವಿಮಾನದ ರೆಕ್ಕೆಯ ಲೆಕ್ಕ ಮಾಡಿ ಸಂಬಳ ತೆಗೆದುಕೊಳ್ಳುವವಳಿಗೆ, ಅಗಲ ಹೆಚ್ಚಿದರೆ ಭಾರ ಹಂಚಿಹೋಗಿ ಹೂತುಕೊಳ್ಳುವುದಿಲ್ಲ ಎಂದು ಅವನು ಪಾಠ ಮಾಡಬೇಕಾಯಿತು. ನಾನು ಈವರೆಗೆ ತಂದಿದ್ದ ಬಾಡಿಗೆ ಸ್ಕೀಗಳ ಸೊಂಟ ಎಪ್ಪತ್ತೆರಡಂತೆ.

ಹಾಗಾದರೆ ನೂರಾಹತ್ತು ಕೊಡಿ ಎಂದೆ. ಆಸೆ ಯಾರಪ್ಪನ ಮನೆಯದು? ಬೆಳಗಿನ ಗಟ್ಟಿ ಹಿಮದಲ್ಲಿ ಅದನ್ನು ತಿರುಗಿಸುವಷ್ಟರಲ್ಲಿ ಮರ ಎದುರಿಗೆ ಬಂದಿರುತ್ತದೆ ಎಂದ. ಹಗುರವಾದದ್ದೊಂದನ್ನು ಎತ್ತಿ ಹಿಗ್ಗಿದೆ. ಒದ್ದೆ ಹಿಮದ ಗುಡ್ಡೆಗಳು ಹಗುರ ಸ್ಕೀಯನ್ನು ಅತ್ತಿತ್ತ ಒಗೆಯುತ್ತವೆ ಎಂದು ಅದನ್ನೂ ಕಸಿದುಕೊಂಡ. ಕೊನೆಗೆ ಒಪ್ಪಿದ್ದು ತೊಂಬತ್ತಾರಕ್ಕೆ: ಸಾಕಷ್ಟು ತೂಕ, ಹಿಮಕ್ಕೆ ಚುಚ್ಚಿಕೊಳ್ಳದಂತೆ ಮೇಲಕ್ಕೆ ಬಾಗಿದ ಮೂತಿ. ಹಿಮ ಅಂಟಬಾರದೆಂದು ತಳಕ್ಕೆ ಮೇಣವನ್ನೂ ಬಳಿದುಕೊಟ್ಟ. ಅಂದಿನಿಂದ ಮನೆಗೆ ಯಾರು ಊಟಕ್ಕೆ ಬಂದರೂ ಗಂಡ ನನ್ನ ವೇಸ್ಟಿನ ಸುದ್ದಿಯನ್ನೇ ಮೊದಲು ಬಡಿಸುತ್ತಾನೆ.

ಹೊರಟ ದಿನ, ಬೆಟ್ಟದಲ್ಲಿ ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಬಹಳ ಕಾಡಿದ ಮೇಲೆ ಮಗಳು "ಒನ್ ರನ್. ಓನ್ಲಿ ಒನ್," ಎಂದು, ಒಂದೇ ಸಲ ಇಳಿಯುವ ಕರಾರಿನ ಮೇಲೆ ಮೇಲಕ್ಕೆ ಕರೆದುಕೊಂಡು ಹೋಗಿ, ತನ್ನ ಸಪೂರ ಸ್ಕೀಗಳ ಮೇಲೆ ಮುಂದೆ ಹಾರಿದಳು. ಹಿಂದೆ ನಾನು. ಮೊದಲ ತಿರುವಿನಲ್ಲೇ ಗೊತ್ತಾಯಿತು, ಹಿಮ ನನ್ನ ಕಾಲು ಹಿಡಿಯುತ್ತಿಲ್ಲ. ಹಿಡಿದದ್ದು ಅವಳದನ್ನು. ಕಣ್ಣೆದುರೇ ಮುಗ್ಗರಿಸಿ ಬಿದ್ದಳು.

ನಿಲ್ಲಬೇಕಿತ್ತು. ಆದರೆ ಅಷ್ಟು ವೇಗದಲ್ಲಿ ನಾನು ಯಾವತ್ತೂ ಹೋದವಳಲ್ಲ, ನಿಲ್ಲಿಸಲು ಬರಲಿಲ್ಲ. "ಬಂದೆ ಪುಟ್ಟಿ, ಬಂದೆ!" ಎಂದು ಕೂಗುತ್ತ ಅವಳಿಂದ ದೂರ ದೂರ ಹೋದೆ. ಅವಳನ್ನು ದಾಟಿದ ಆ ಗಳಿಗೆಯಲ್ಲಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಕೆಳಗೆ ಮುಟ್ಟಿ ತಿರುಗಿ ನೋಡಿದರೆ ಅವಳಿನ್ನೂ ಎದ್ದಿರಲಿಲ್ಲ. ಸ್ಕೀ ಬಿಚ್ಚಿ ಹೆಗಲಿಗೇರಿಸಿ, ಆ ಕಬ್ಬಿಣದಂಥ ಬೂಟಿನಲ್ಲೇ ಬೆಟ್ಟ ಹತ್ತತೊಡಗಿದೆ. ಹತ್ತು ಹೆಜ್ಜೆಗೆ ಉಸಿರು ಕಟ್ಟಿತು.

ಅಷ್ಟರಲ್ಲಿ ಮಗಳು ಮೈಯೆಲ್ಲ ಬೆಳ್ಳಗಾಗಿ ಜಾರಿಕೊಂಡು ಬಂದು ಎದುರು ನಿಂತಳು. "ವೇರ್ ಆರ್ ಯೂ ಗೋಯಿಂಗ್?"

"ನಿನ್ನ ಎಬ್ಬಸಾಕ."

ಅವಳು ಸ್ಕೀ ಕೋಲಿನ ಮೇಲೆ ಬಗ್ಗಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಜೊತೆಗೆ ಬಂದಿದ್ದ ಅವಳ ಗೆಳತಿಯರು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಹತ್ತಿರದಿಂದ ಕೂಗಿದರು. ನೀವು ಹೋಗಿ ಎಂದು ಅವರಿಗೆ ಕೈ ಮಾಡಿ ನನ್ನ ಕಡೆ ತಿರುಗಿದಳು. "ಒನ್ ಮೋರ್? ಬಟ್ ಯೂ ಗೋ ಫಸ್ಟ್." ನನ್ನ ಅಗಲದ ಸ್ಕೀ ಹಿಮವನ್ನು ತಟ್ಟಿ ಸಪಾಟು ಮಾಡಿಕೊಂಡು ಹೋದರೆ, ಆ ಗುರುತಿನ ಮೇಲೆ ತಾನು ಬರುತ್ತಾಳಂತೆ.

ಇಳಿಯುವಾಗ ಹಿಂದೆ ತಿರುಗಿ ನೋಡಬಾರದು ಎಂದು ಮೊದಲ ದಿನವೇ ಕಲಿಸಿರುತ್ತಾರೆ. ತಲೆ ತಿರುಗಿದ ಕಡೆ ಮೈ ತಿರುಗುತ್ತದೆ, ಮೈ ತಿರುಗಿದ ಕಡೆ ಸ್ಕೀ. ಅರ್ಧ ಬೆಟ್ಟದವರೆಗೆ ತಡೆದುಕೊಂಡೆ. ಆಮೇಲೆ ನೋಡಿದೆ. ನಾನು ತಿರುಗಿದಲ್ಲಿ ತಿರುಗುತ್ತ, ನನ್ನ ಹಿಂದೆಯೇ ಬರುತ್ತಿದ್ದಳು. ಬಿದ್ದೆ.