ಕೋಡಿ ಬಯಲಿನ ಮಾತು ಒಯ್ದವನು

ರುದ್ರೇಶ, ಆರು ಜನ ಆಟಗಾರರ ಸಹಿ ಇದ್ದ ಆ ಅರ್ಜಿಯನ್ನು ಸಾಹುಕಾರರಿಗೆ ತೋರಿಸಿದವನು ನಾನು. ಪಾಲಾಕ್ಷನಲ್ಲ. ನೀನಂತೂ ಅಲ್ಲವೇ ಅಲ್ಲ. ನಾನು — ನಿಮ್ಮೆಲ್ಲರ ಮೇಷ್ಟ್ರು, ವಾಟ್ಸಾಪ್ ಗುಂಪಿನ ಅಡ್ಮಿನ್, ಮಾತು ಒಯ್ದವನನ್ನು ಹಿಡಿದೇ ತೀರಬೇಕು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು.

ನಾಲ್ಕು ವರ್ಷ ಬೇಕಾಯಿತು ಈ ನಾಲ್ಕು ಸಾಲು ಬರೆಯಲು. ನಿನಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಬರೆಯುತ್ತೇನೆ, ಬೇಸರಿಸಬೇಡ. ನೀನು ಓದಿದ ಮೇಲೆ ಇದು ಗುಂಪಿಗೂ ಹೋಗುತ್ತದೆ. ಆಗ ಇಲ್ಲದವರೂ ಈಗ ಅಲ್ಲಿದ್ದಾರೆ, ಅವರಿಗೂ ತಿಳಿಯಲಿ.

ತಿಪಟೂರಿನಲ್ಲಿ ಫುಟ್‌ಬಾಲ್ ಎಂದರೆ ಜನ ಇವತ್ತಿಗೂ ನಗುತ್ತಾರೆ. ಆದರೂ ನಮಗೊಂದು ತಂಡವಿತ್ತು. ಕೆರೆಕೋಡಿಯ ಕೆಳಗಿನ ಬಯಲಿನಲ್ಲಿ ಡ್ರಿಲ್ ಮೇಷ್ಟ್ರೊಬ್ಬರು ಕಟ್ಟಿದ ತಂಡ. ಹಸಿರು ಅಂಗಿ. ಮೊದಲ ವರ್ಷಗಳಲ್ಲಿ ನೀನು ಅದರ ಎಡಗಡೆಯ ಡಿಫೆಂಡರ್. ಮೊಣಕಾಲು ಹೋದ ಮೇಲೆ ನಮ್ಮ ಜೊತೆ ಕಲ್ಲುಕಟ್ಟೆಯ ಮೇಲೆ ಕೂರುವ ಪ್ರೇಕ್ಷಕ. ನಿನ್ನೂರು ದಂಡಿನಶಿವರದಿಂದ ಪ್ರತಿ ಭಾನುವಾರ ನೀನು ಬಸ್ಸು ಹತ್ತಿ ಬರುತ್ತಿದ್ದೆ. ಕನ್ನಡ ಪಾಠ ಮಾಡುವ ನನಗೆ ಆಟದ ಗಂಧಗಾಳಿ ಇರಲಿಲ್ಲ. ಆಫ್‌ಸೈಡ್ ಎಂದರೇನು ಎಂದು ನಾನು ಕೇಳಿದಾಗ ಬೇರೆಯವರೆಲ್ಲ ನಕ್ಕರು. ನೀನು ಮಾತ್ರ ಮೂರು ತೆಂಗಿನ ಚಿಪ್ಪು ಆರಿಸಿ ತಂದು, ನೆಲದ ಮೇಲೆ ಇಟ್ಟು, ಸರಿಸಿ ಸರಿಸಿ ತೋರಿಸಿದೆ. ಅವತ್ತಿನಿಂದ ನಾನೂ ಆಟ ಬಲ್ಲವನಂತೆ ಮಾತಾಡತೊಡಗಿದೆ.

ಡ್ರಿಲ್ ಮೇಷ್ಟ್ರು ತೀರಿಕೊಂಡ ಮೇಲೆ ತಂಡವನ್ನು ಕೊಬ್ಬರಿ ಮಂಡಿಯ ಮೌಳಿ ಸಾಹುಕಾರರು ವಹಿಸಿಕೊಂಡರು. ಮೊದಲ ವರ್ಷ ಹೊಸ ಬೂಟು, ಹೊಸ ಚೆಂಡು — ನಾವೇ ಅವರಿಗೆ ಹಾರ ಹಾಕಿದೆವು. ಎರಡನೆಯ ವರ್ಷ ಹಸಿರು ಅಂಗಿ ಹೋಗಿ, ಎದೆಯ ಮೇಲೆ ಮಂಡಿಯ ಹೆಸರಿದ್ದ ಕೇಸರಿ ಅಂಗಿ ಬಂತು. ಒಂದು ದಿನವೂ ಚೆಂಡು ಒದ್ದು ನೋಡದ ಅವರ ತಂಗಿಯ ಮಗ ಕೋಚ್ ಆದ. ಅವನಿಗೆ ಎದುರು ಮಾತಾಡಿದನೆಂದು ಬಿಳಿಗೆರೆಯ ಫಾರ್ವರ್ಡ್‌ನನ್ನು, ನಮ್ಮ ಇಡೀ ತಂಡಕ್ಕೆ ಇದ್ದ ಒಬ್ಬನೇ ಗೋಲು ಹೊಡೆಯುವವನನ್ನು, ಬೆಂಚಿನ ಮೇಲೆ ಕೂರಿಸಿದರು. ಅಭ್ಯಾಸದ ದಿನ ಬಯಲಿಗೆ ಹೋದರೆ ಗೋಲುಕಂಬಗಳ ನಡುವೆ ಕೊಬ್ಬರಿ ಒಣಗುತ್ತಿರುತ್ತಿತ್ತು. ಚಿಕ್ಕನಾಯಕನಹಳ್ಳಿಯವರು ಬಂದು ಆರು ಗೋಲು ಹೊಡೆದು, ನಮ್ಮ ಮುಂದೆಯೇ ಎಳನೀರು ಕುಡಿದು ಹೋದರು.

ಅವತ್ತು ಕಟ್ಟೆಯ ಮೇಲೆ ನಡೆದ ಜಗಳ ನಿನಗೆ ನೆನಪಿರಬೇಕು. ಸೈಕಲ್ ಅಂಗಡಿಯ ಪಾಲಾಕ್ಷ ಕೆಂಡವಾಗಿದ್ದ.

"ಆಡೋರ್ದೇನ್ ತಪ್ಪಿಲ್ಲ ಕಣ್ಲಾ. ಯಜಮಾನ್ಕೇನೆ ಸರಿ ಇಲ್ಲ. ತಂಡ ಅನ್ಕಂಡಿಲ್ಲ ಅವ್ರು, ಮಂಡಿ ಬೋರ್ಡು ಅನ್ಕಂಡವ್ರೆ."

ನೀನು ನಿಧಾನವಾಗಿ ಹೇಳಿದೆ: "ಅಂಗಲ್ಲ ಪಾಲಾಕ್ಷ, ಯಾರೂ ದಿಕ್ಕಿಲ್ದೆ ಇದ್ದಾಗ ಕೈ ಹಿಡ್ದವ್ರೆ. ಒಂದ್ಸಲ ಎದುರಿಗ್ ಕುಂತು ಮಾತಾಡನ. ಕೇಳ್ದಿದ್ರೆ ಆಮೇಲ್ ನೋಡನ."

ಈ ಮಾತನ್ನು ನಾನು ನೆನಪಿಟ್ಟುಕೊಂಡೆ. ಯಾತಕ್ಕಾಗಿ ಎಂದು ಆಗ ನನಗೇ ಗೊತ್ತಿರಲಿಲ್ಲ — ಅಥವಾ ಗೊತ್ತಿತ್ತೋ ಏನೋ.

ಏಕೆಂದರೆ ಆ ಹೊತ್ತಿಗಾಗಲೇ ನಾನು ಮಂಡಿಗೆ ಹೋಗಿ ಬರುತ್ತಿದ್ದೆ. ಸಾಹುಕಾರರೇ ಒಂದು ದಿನ ದಾರಿಯಲ್ಲಿ ನಿಲ್ಲಿಸಿ ಕರೆದುಕೊಂಡು ಹೋದರು. ತಮ್ಮ ಪಕ್ಕದ ಕುರ್ಚಿ ತೋರಿಸಿದರು, ಕಾಫಿ ತರಿಸಿದರು. "ಮೇಷ್ಟ್ರೇ, ನೀವ್ ಓದಿರೋರು. ಜನ ನನ್ನ ಏನಂತಾರೆ? ಮುಚ್ಚುಮರೆ ಬ್ಯಾಡ, ಹೇಳಿ" ಎಂದರು. ನಿಮ್ಮ ಅಳಿಯನಿಗೆ ಆಟ ಗೊತ್ತಿಲ್ಲ ಅನ್ನುತ್ತಾರೆ ಎಂದೆ. ಅವರು ಸಿಟ್ಟಾಗಲಿಲ್ಲ. ತಲೆದೂಗಿ, "ಈ ಊರಲ್ಲಿ ನಂಗೆ ನಿಜ ಹೇಳೋರು ನೀವೊಬ್ರೇ ಕಣ್ರೀ" ಎಂದರು.

ಆ ಒಂದು ಮಾತನ್ನು ಉಂಡು ನಾನು ಒಂದು ವರ್ಷ ಬದುಕಿದೆ, ರುದ್ರೇಶ. ಮುಂದಿನ ಪಂದ್ಯದ ದಿನ ಮೈಕಿನಲ್ಲಿ 'ತಂಡದ ಹಿತೈಷಿಗಳು' ಎಂದು ನನ್ನ ಹೆಸರು ಕೂಗಿಸಿದರು. ಹದಿನೆಂಟು ವರ್ಷ ಪಾಠ ಮಾಡಿದರೂ ಯಾರೂ ನನ್ನ ಹೆಸರನ್ನು ಹಾಗೆ ಕೂಗಿರಲಿಲ್ಲ.

ತಂಡಕ್ಕೆ ಒಳ್ಳೆಯದಾಗಲಿ ಎಂದೇ ಹೇಳುತ್ತಿದ್ದೇನೆ ಎಂದುಕೊಂಡೆ. ಜನ ಏನು ಅಂದರು ಎಂಬುದನ್ನಷ್ಟೇ ಹೇಳುತ್ತಿದ್ದೆ. ಒಂದು ದಿನ ಸಾಹುಕಾರರು ಲೋಟ ಕೆಳಗಿಡುತ್ತಾ, ಬಹಳ ಸಹಜವಾಗಿ, "ಯಾರಂದಿದ್ದು?" ಎಂದರು. ನಾನು ಹೆಸರು ಹೇಳಿದೆ. ಅಷ್ಟೇ. 'ಏನು' ಎಂಬುದರಿಂದ 'ಯಾರು' ಎಂಬುದಕ್ಕೆ ಹೋಗಲು ನನಗೆ ಅರ್ಧ ಲೋಟ ಕಾಫಿ ಸಾಕಾಯಿತು.

ಆಮೇಲೆ ಅರ್ಜಿ. ತಂಡವನ್ನು ಒಬ್ಬರ ಕೈಯಿಂದ ಬಿಡಿಸಿ, ಊರವರ ಸಮಿತಿಯ ಕೆಳಗೆ ನೋಂದಾಯಿಸಿ ಎಂದು ಜಿಲ್ಲೆಯ ಸಂಘಕ್ಕೆ ಕೇಳುವ ಅರ್ಜಿ. ಅಕ್ಷರ ಚೆನ್ನಾಗಿದೆ ಎಂದು ಬರೆಯುವ ಕೆಲಸ ನನಗೇ ಬಂತು. ಶನಿವಾರ ಸಂಜೆ ಪಾಲಾಕ್ಷನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವೆಲ್ಲ ಸಹಿ ಹಾಕಿದೆವು. ಆರು ಜನ ಆಟಗಾರರೂ ಧೈರ್ಯ ಮಾಡಿ ಹಾಕಿದರು. ನೀನು ಕೊನೆಯಲ್ಲಿ ಹಾಕಿದೆ. ಹಾಕುವ ಮುಂಚೆ ಒಂದು ಗಳಿಗೆ ಪೆನ್ನು ಹಿಡಿದುಕೊಂಡು ಸುಮ್ಮನೆ ಕುಳಿತಿದ್ದೆ. ಆಮೇಲೆ ಬಸ್ಸು ತಪ್ಪುತ್ತದೆಂದು ಬೇಗ ಎದ್ದು ಹೋದೆ. ದಾಖಲೆಗೆ ಇರಲಿ ಎಂದು ನಾನು ಫೋಟೋ ತೆಗೆದುಕೊಂಡೆ. ಸೋಮವಾರ ಅದನ್ನು ತುಮಕೂರಿಗೆ ಒಯ್ಯುವುದೆಂದು ಮಾತಾಗಿತ್ತು.

ಭಾನುವಾರ ಮಧ್ಯಾಹ್ನ ಸಾಹುಕಾರರು ಕೇಳಿದರು: "ಏನೋ ನಡೀತೈತಂತೆ. ನಿಮ್ಗೂ ಗೊತ್ತಿಲ್ವಾ ಮೇಷ್ಟ್ರೇ? ಹೋಗ್ಲಿ ಬುಡಿ, ನಿಮ್ಗೂ ಹೇಳಿಲ್ಲ ಅಂದ್ರೆ..."

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ 'ನಿಮ್ಗೂ' — ಗೊತ್ತಿರಬೇಕಾದವನಿಗೆ ಗೊತ್ತಿಲ್ಲ ಎಂದು ಅವರು ತಿಳಿಯುವುದನ್ನು ನಾನು ತಡೆದುಕೊಳ್ಳಲಾರದೆ ಹೋದೆ. ಜೇಬಿನಿಂದ ಮೊಬೈಲು ತೆಗೆದೆ. ಅವರು ಕನ್ನಡಕ ಹಾಕಿಕೊಂಡು, ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ, ಒಂದೊಂದೇ ಸಹಿ ಓದಿದರು. ನನ್ನ ಸಹಿಯ ಹತ್ತಿರ ಬಂದಾಗ ನನ್ನ ಮುಖ ನೋಡಿ ನಕ್ಕರು. ಆ ನಗುವಿನಲ್ಲಿ ಗೌರವ ಇರಲಿಲ್ಲ.

ಸೋಮವಾರ ಬೆಳಗ್ಗೆ ಬಯಲಿನ ಗೇಟಿಗೆ ಬೀಗ. ಆರು ಆಟಗಾರರ ಹೆಸರು ತಂಡದ ಪಟ್ಟಿಯಿಂದ ಹೋಗಿತ್ತು. ಪಟ್ಟಿಯಲ್ಲಿ ಇಲ್ಲದವರ ಸಹಿಯಿದ್ದ ಅರ್ಜಿಗೆ ಸಂಘದಲ್ಲಿ ಬೆಲೆಯೇ ಇರಲಿಲ್ಲ. ಅದು ಪಾಲಾಕ್ಷನ ಮೇಜಿನಲ್ಲೇ ಉಳಿಯಿತು.

ಆಮೇಲಿನ ವಾರ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಯಾರು ಹೇಳಿದರು? ಚಹಾದಂಗಡಿಯಲ್ಲಿ ಒಬ್ಬರ ಪಕ್ಕ ಒಬ್ಬರು ಕೂರಲು ಅನುಮಾನಿಸುವಂತಾಯಿತು. ಮೇಜಿನ ಮೇಲೆ ಮೊಬೈಲುಗಳು ಬೋರಲಾದವು. ಯಾರು ಮಂಡಿಯ ಮುಂದೆ ಗಾಡಿ ನಿಲ್ಲಿಸಿದ್ದರು, ಯಾರಿಗೆ ಸಾಹುಕಾರರು ಕೈ ಎತ್ತಿ ನಮಸ್ಕಾರ ಮಾಡಿದರು, ಯಾರು ಸಹಿಗೆ ಮುಂಚೆ ಯೋಚಿಸಿದರು — ಪಾಲಾಕ್ಷ ಒಂದೊಂದನ್ನೂ ಹೆಕ್ಕಿ ಹೆಕ್ಕಿ ಹೇಳುತ್ತಿದ್ದ. ಅವನು ತಲೆ ಎತ್ತಿದಾಗಲೆಲ್ಲ ನನ್ನನ್ನೇ ನೋಡುತ್ತಿದ್ದಾನೆ ಅನಿಸುತ್ತಿತ್ತು. ಮಂಡಿಯ ಕೆಲಸದವರು ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಆ ಭಯದಿಂದಲೇ ನಾನು ಎಲ್ಲರಿಗಿಂತ ಮುಂದೆ ನಿಂತೆ. ಹುಡುಕುವವನನ್ನು ಯಾರೂ ಹುಡುಕುವುದಿಲ್ಲ ಎಂದು ಕಂಡುಕೊಂಡಿದ್ದೆ.

ಗುರುವಾರ ಪಾಲಾಕ್ಷ ನೇರವಾಗಿ ಕೇಳಿದ. "ಮೇಷ್ಟ್ರೇ, ನೀವ್ ಹೇಳಿ. ಯಾರ್ ಮ್ಯಾಲೆ ಅನುಮಾನ ನಿಮ್ಗೆ?"

"ನಾನ್ಯಾಕೆ ಹೆಸರು ಹೇಳ್ಲಿ? ಸಾಹುಕಾರ್ರ ಮಂಡಿಗೆ ಕೊಬ್ಬರಿ ಹಾಕೋರು ನಮ್ಮಲ್ಲಿ ಯಾರಿದಾರೆ, ನೀವೇ ನೋಡಿ" ಎಂದೆ.

ಅಷ್ಟೇ ನಾನು ಆಡಿದ್ದು. ನಿನ್ನ ಹೆಸರು ಹೇಳಲಿಲ್ಲ — ಇದನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ! ಹೇಳಬೇಕಾಗಿಯೇ ಇರಲಿಲ್ಲ. ನಿನ್ನ ತೋಟದ ಕೊಬ್ಬರಿ ಆ ಮಂಡಿಗೇ ಹೋಗುತ್ತಿತ್ತು. ಎದುರಿಗೆ ಕುಂತು ಮಾತಾಡನ ಎಂದವನು ನೀನು. ಪೆನ್ನು ಹಿಡಿದು ಯೋಚಿಸಿದವನು ನೀನು, ಬೇಗ ಎದ್ದು ಹೋದವನೂ ನೀನು. ಉಳಿದದ್ದನ್ನು ಅವರೇ ಜೋಡಿಸಿಕೊಂಡರು. ನಾನು ಬೇಸರದ ಮುಖ ಮಾಡಿಕೊಂಡು ನೋಡುತ್ತಿದ್ದೆ.

ಅವತ್ತೇ ನಿನ್ನನ್ನು ಗುಂಪಿನಿಂದ ತೆಗೆದೆ. ನೀನು ಫೋನ್ ಮಾಡಿದೆ. "ಮೇಷ್ಟ್ರೇ, ಏನೋ ತಪ್ಪಾಗಿ ಕೈತಾಕಿ ನನ್ ಹೆಸ್ರು ಹೋಗೈತೆ, ಸೇರ್ಸಿ" ಎಂದೆ. ನಿನಗೆ ಅನುಮಾನವೇ ಬಂದಿರಲಿಲ್ಲ. "ಎಲ್ಲರ ತೀರ್ಮಾನ ಕಣಪ್ಪ, ಸ್ವಲ್ಪ ದಿನ ದೂರ ಇರು" ಎಂದೆ ನಾನು. ನೀನು "ನಾನಾ?" ಎಂದೆ. ಮತ್ತೆ ಅದನ್ನೇ, ಇನ್ನೂ ಮೆಲ್ಲಗೆ, "ನಾನಾ?" ಎಂದು ಕೇಳಿ ಇಟ್ಟುಬಿಟ್ಟೆ.

ಎರಡು ವಾರದ ಮೇಲೆ ಬೀಗ ತೆಗೆದರು. ಹೊಸ ಆಟಗಾರರೊಂದಿಗೆ ಪಂದ್ಯ ಇತ್ತು. ಹೋಗಿ ನೋಡಿದರೆ ಬಯಲಿನಲ್ಲಿ ಗೆರೆಯೇ ಇಲ್ಲ. ಬರೀ ಹುಲ್ಲು. ರೆಫರಿ ಆಟ ಶುರು ಮಾಡಲು ಒಪ್ಪಲಿಲ್ಲ. ಅಳಿಯ ನಮ್ಮ ಕಡೆ ನೋಡಿ ರೇಗಿದ. ನಾವು ಅವನ ಕಡೆ ನೋಡಿ ನಕ್ಕೆವು. ಗೇಟಿನ ಬಳಿ ಬೇಯಿಸಿದ ಕಡಲೆಕಾಯಿ ಮಾರುವ ಪುಟ್ಟಮ್ಮ ನನ್ನನ್ನು ಕರೆದು ಕೇಳಿದಳು: "ಆ ಕುಂಟ್ಕಂಡ್ ಬರೋ ಅಣ್ಣ ಎಲ್ಲಿ ಸ್ವಾಮಿ? ಬೆಳಗಾಗೆದ್ದು ಬಂದು ಸುಣ್ಣ ಎಳೀತಿದ್ದೋರು ಅವ್ರೇ ಅಲ್ವಾ?"

ನಮಗೆ ಯಾರಿಗೂ ಗೊತ್ತಿರಲಿಲ್ಲ, ರುದ್ರೇಶ. ಅಷ್ಟು ವರ್ಷ ಗೆರೆಗಳು ತಾವೇ ಮೂಡುತ್ತವೆಂಬಂತೆ ಕುಳಿತು ನೋಡಿದ್ದೆವು. ಆ ಮೊಣಕಾಲಿಟ್ಟುಕೊಂಡು, ಮೊದಲ ಬಸ್ಸಿಗೆ ಬಂದು, ತೂತು ಕೊರೆದ ಡಬ್ಬಿಯಲ್ಲಿ ಸುಣ್ಣ ತುಂಬಿಕೊಂಡು ಇಡೀ ಬಯಲು ಸುತ್ತುತ್ತಿದ್ದೆಯಂತೆ. ಪಾಲಾಕ್ಷನಿಗೆ ಹೇಳಿದೆನೆ? ಇಲ್ಲ. ಹೇಳಿದ್ದರೆ ಅವನು ಯೋಚಿಸುತ್ತಿದ್ದ — ಹೀಗೆ ಮಾಡುವವನು ತಂಡಕ್ಕೆ ಎರಡು ಬಗೆಯುತ್ತಾನೆಯೇ ಎಂದು. ಯೋಚಿಸುವುದು ನನಗೆ ಬೇಕಿರಲಿಲ್ಲ.

ತಂಡ ಇನ್ನೊಂದು ವರ್ಷ ಸೋತಿತು. ಆಮೇಲೆ ಸಾಹುಕಾರರಿಗೂ ಸಾಕಾಯಿತು. ಈಗ ಅಲ್ಲಿ ತೆಂಗಿನ ಸಿಪ್ಪೆಯ ರಾಶಿ ಬಿದ್ದಿದೆ. ಬಿಳಿಗೆರೆಯ ಫಾರ್ವರ್ಡ್ ಗೂಡ್ಸ್ ಆಟೋ ಓಡಿಸುತ್ತಾನೆ; ನನ್ನನ್ನು ಕಂಡರೆ ಈಗಲೂ ನಿಲ್ಲಿಸಿ "ಬರ್ತೀರಾ ಸಾರ್" ಎನ್ನುತ್ತಾನೆ. ಯಜಮಾನಿಕೆಯಿಂದ ತಂಡ ಹಾಳಾಯಿತು ಎಂದು ನಾವು ಗುಂಪಿನಲ್ಲಿ ಇವತ್ತಿಗೂ ವಾದ ಮಾಡುತ್ತೇವೆ. ಅದು ಸುಳ್ಳಲ್ಲ. ಆದರೆ ಉಳಿಸಿಕೊಳ್ಳಲು ಒಂದು ದಾರಿ ಇತ್ತಲ್ಲ, ಅದನ್ನು ಮುಚ್ಚಿದವನು ಯಜಮಾನನಲ್ಲ.

ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡೇ ಸಾಯುತ್ತಿದ್ದೆನೇನೋ. ಹೋದ ತಿಂಗಳು ತುರುವೇಕೆರೆ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ನೀನೇ ಬಂದು ಮಾತಾಡಿಸಿದೆ, ಆರೋಗ್ಯ ಕೇಳಿದೆ. ಆಮೇಲೆ ಹತ್ತಿರ ಬಂದು ಹೇಳಿದೆ:

"ಅವತ್ತು ಹೇಳಿದ್ದು ಯಾರು ಅಂತ ನಂಗೀಗ್ ತಿಳೀತು ಮೇಷ್ಟ್ರೇ. ಪಾಲಾಕ್ಷ. ಅರ್ಜಿ ಇದ್ದಿದ್ದು ಅವನ್ ಮೇಜಲ್ಲಿ ತಾನೆ? ಅದ್ಕೇ ನನ್ ಮ್ಯಾಲೆ ಅಷ್ಟ್ ಹಾರಾಡ್ದ. ಮಗಳ್ ಮದ್ವೆಗ್ ಕರ್ಯಕ್ಕೆ ಬಂದಿದ್ದ. ಪತ್ರಿಕೆ ಈಸ್ಕಳ್ಲಿಲ್ಲ ನಾನು."

ಆಗಲಾದರೂ... ಬಸ್ಸು ಹೊರಡಲು ಇನ್ನೂ ಹೊತ್ತಿತ್ತು, ಸುತ್ತ ಯಾರೂ ನಮ್ಮವರಿರಲಿಲ್ಲ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ನಾನು ಅಂದೆ, "ಇದ್ರೂ ಇರ್ಬೋದು ಕಣಪ್ಪ."

ಅವತ್ತಿನಿಂದ ನಿದ್ದೆ ಬರುತ್ತಿಲ್ಲ. ನೀನು ನಿಜವಾಗಿ ಪಾಲಾಕ್ಷನೆಂದೇ ನಂಬಿದ್ದೆಯೋ, ಅಥವಾ ಎಲ್ಲ ತಿಳಿದೇ, ಇವನು ಏನನ್ನುತ್ತಾನೆ ನೋಡೋಣ ಎಂದು ಕೇಳಿದೆಯೋ — ದಿನಕ್ಕೆ ಹತ್ತು ಸಲ ನಿನ್ನ ಕಣ್ಣನ್ನು ನೆನಪಿಸಿಕೊಂಡು ಓದಲು ನೋಡುತ್ತೇನೆ. ನೋಡು, ನಿನ್ನಂಥವನ ಮೇಲೂ ನನಗೆ ಅನುಮಾನ. ಬೇರೆಯವರಲ್ಲಿ ನಾನು ಬಿತ್ತಿದ್ದು ನನ್ನಲ್ಲೇ ಬೇರು ಬಿಟ್ಟಿದೆ.

ಇವತ್ತು ಬೆಳಗ್ಗೆ ಪಾಲಾಕ್ಷನ ಮನೆಗೆ ಹೋದೆ. ಮುಂದಿನ ವಾರ ಮದುವೆ. ಅಂಗಳದಲ್ಲಿ ಚಪ್ಪರಕ್ಕೆ ಗಳ ನೆಡುತ್ತಿದ್ದರು. ಅವನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಬಯ್ಯುತ್ತಾನೆ, ಹೊಡೆದರೂ ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ಹಗ್ಗ ನೆಲಕ್ಕೆ ಹಾಕಿ ಕುಕ್ಕರಗಾಲಲ್ಲಿ ಕುಳಿತ.

"ನಾಕ್ ವರ್ಷ ಆ ಮನ್ಷನ್ ಮುಖ ನೋಡಿರ್ಲಿಲ್ಲ ನಾನು. ಪತ್ರಿಕೆ ಹಿಡ್ಕಂಡ್ ಹೋಗಿದ್ದೇ ಮೊದ್ಲು" ಎಂದ. ಆಮೇಲೆ ತಲೆ ಎತ್ತದೆಯೇ, "ಇದ್ನ ನಂಗ್ಯಾಕ್ ಹೇಳ್ತಾ ನಿಂತಿದೀರ? ದಂಡಿನಶಿವರಕ್ ಹೋಗಿ" ಎಂದ.

ಅದಕ್ಕೆ ಬರೆದೆ. ಎದುರಿಗೆ ನಿಂತರೆ ನನ್ನ ನಾಲಿಗೆ ಮತ್ತೆ ಏನಾದರೂ ನುಣುಚು ಮಾತು ಹುಡುಕೀತು ಎಂಬ ಭಯ. ಕಾಗದದ ಮೇಲಾದರೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಇಲ್ಲ ಎನ್ನುವ ಕಷ್ಟವನ್ನೂ ನಿನ್ನ ಮೇಲೆಯೇ ಹೊರಿಸಿದಂತಾಗುತ್ತದೆ. ಪಾಲಾಕ್ಷ ಮತ್ತೆ ಪತ್ರಿಕೆ ಹಿಡಿದು ಬಂದರೆ ಈಸಿಕೋ — ಇಷ್ಟು ಮಾತ್ರ, ಅದೂ ಅವನಿಗಾಗಿ.

ನಾಳೆ ಬೆಳಗ್ಗೆ ನಾನೇ ಈ ಕಾಗದ ತರುತ್ತೇನೆ. ನೀನು ಓದಿ ಮುಗಿಸುವವರೆಗೆ ತೋಟದ ಬೇಲಿಯಾಚೆ ನಿಂತಿರುತ್ತೇನೆ. ನೀನು ಏನು ಹೇಳಿದರೂ ಕೇಳಿಸಿಕೊಳ್ಳುತ್ತೇನೆ. ಏನೂ ಹೇಳದಿದ್ದರೆ ಮುಂದಿನ ಬಸ್ಸಿಗೆ ಹಿಂತಿರುಗುತ್ತೇನೆ.