ಪಟ್ಟಿಗೆ ಸೇರದ ಮಿಡಿ

ಸಾಗರದ ಬಾಡಿಗೆ ಮನೆಯಲ್ಲಿ ದೊಡ್ಡಮ್ಮ ತೀರಿಕೊಂಡ ಮೇಲೆ ಅವಳ ಉಯಿಲು ಕೋರ್ಟಿಗೆ ಹೋಯಿತು. ಸಾಮಾನಿನ ಪಟ್ಟಿ ಮಾಡಿ ಮನೆ ಖಾಲಿ ಮಾಡಿಸುವ ಕೆಲಸ ನನ್ನ ತಲೆಗೆ ಬಿತ್ತು. ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಊರು ಮುಳುಗುವಾಗ ಬಿಟ್ಟು ಬಂದವಳು ತಂದದ್ದೇ ಕಡಿಮೆ. ಆದರೂ ಎರಡು ದಿನ ಹಿಡಿಯಿತು, ನನಗೆ ರೇಗಿಹೋಗಿತ್ತು.

ಅಡುಗೆಮನೆಯ ಮೂಲೆಯ ಪಿಂಗಾಣಿ ಜಾಡಿಯಲ್ಲಿ, ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನ ಮಿಡಿ ಇತ್ತು. ಪಟ್ಟಿಯಲ್ಲಿ ‘ಜಾಡಿ ಒಂದು’ ಎಂದು ಬರೆದೆ. ಮಿಡಿಯನ್ನು ಹಿತ್ತಿಲಿನ ಗೊಬ್ಬರದ ಗುಂಡಿಗೆ ಸುರಿದು, ಜಾಡಿ ತೊಳೆದು ಬೋರಲು ಹಾಕಿದೆ.

ಮಾರನೆಯ ದಿನ ದೊಡ್ಡಮ್ಮನ ಮಗಳು ಬಂದಳು. ಒಡವೆ, ಪಾತ್ರೆ ಏನನ್ನೂ ಕೇಳದೆ ನೇರವಾಗಿ ಹೋಗಿ ಆ ಜಾಡಿ ಎತ್ತಿ ನೋಡಿದಳು.

“ಇದ್ರಲ್ಲಿದ್ದ ಮಿಡಿ ಎಂತ ಮಾಡ್ದೆ?”

ನಮ್ಮ ಕಡೆ ಮಿಡಿಯನ್ನು ಮರದಿಂದಲೇ ಗುರುತಿಸುತ್ತಾರೆ. ಒಂದು ಮರದ ಪರಿಮಳ ಇನ್ನೊಂದಕ್ಕಿರುವುದಿಲ್ಲ.

“ನಮ್ಮನೆ ಹೊಳೆಬದಿ ಮರದ್ದು ಅದು. ಮರ ಮುಳುಗೋ ವರ್ಷ ಅಮ್ಮ ಕೊಯ್ಸಿದ್ದು.”

“ಕೆಟ್ಟುಹೋಗಿತ್ತು ಅಕ್ಕ, ಚೆಲ್ಲಿದೆ” ಎಂದೆ.

ಅವಳು ಜಾಡಿಯೊಳಗೆ ಮುಖವಿಟ್ಟು ಒಮ್ಮೆ ಮೂಸಿ, ಕೆಳಗಿಟ್ಟಳು.

ಕೆಟ್ಟಿರಲಿಲ್ಲ. ಸುರಿಯುವ ಮೊದಲು ನಾನೇ ಒಂದನ್ನು ಕಚ್ಚಿ ನೋಡಿದ್ದೆ. ಚಿಕ್ಕಂದಿನ ರಜೆಗಳಲ್ಲೆಲ್ಲ ಅದನ್ನೇ ನಂಚಿಕೊಂಡು ಉಂಡವನು ನಾನು. ಅದು ಯಾವ ಮರದ್ದೆಂದು ನನಗೆ ಆಗಲೇ ಗೊತ್ತಾಗಿತ್ತು.