ಸರ್ವರಿನಲ್ಲಿ ಉಳಿದಿದ್ದ ಹೆಸರು

ಪುತ್ತೂರಿನ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಗುಡುಗಿನ ಮೊದಲ ಸದ್ದಿಗೇ ಪ್ಲಗ್ಗುಗಳನ್ನೆಲ್ಲ ಕಿತ್ತುಬಿಡುತ್ತೇವೆ. ಈ ಕಡೆಯ ಮನೆಗಳಲ್ಲಿ ಟಿವಿಗೆ ಮಾಡುವ ಉಪಚಾರವೇ ಇಲ್ಲಿ ಸರ್ವರ್ ಕಂಪ್ಯೂಟರಿಗೂ. ಕರೆಂಟು ಹೋದರೆ ಇನ್ವರ್ಟರ್ ಇದೆ, ಸಿಡಿಲಿಗೆ ಇದೊಂದೇ ಉಪಾಯ. ಸಿಡಿಲಿಗೆ ಸುಟ್ಟ ಮೋಡೆಮ್ ಒಮ್ಮೆ ನೋಡಿದವರಿಗೆ ಬೇರೆ ಬುದ್ಧಿ ಬರುವುದಿಲ್ಲ.

ಆ ಸರ್ವರನ್ನು ಜೋಡಿಸಿದವನು ಉಪ್ಪಿನಂಗಡಿಯ ನನ್ನ ಗೆಳೆಯ. ಕಡಬ, ಸುಳ್ಯದ ನಮ್ಮ ಕೌಂಟರುಗಳಿಗೂ ರಿಪೋರ್ಟು ಹೋಗುವುದು ಅದರಿಂದಲೇ. ರಿಪೋರ್ಟುಗಳ ಡೇಟಾಬೇಸನ್ನು ಅವನು ತನ್ನಷ್ಟಕ್ಕೆ ಶುರುವಾಗುವ ಹಿನ್ನೆಲೆಯ ಸರ್ವಿಸ್ ಆಗಿ ಕೂರಿಸದೆ, ತನ್ನ ಲಾಗಿನ್ನಿನೊಳಗೆ ಸಾದಾ ಪ್ರೋಗ್ರಾಮಿನಂತೆ ಓಡಿಸುತ್ತಿದ್ದ. ಆಮೇಲೆ ಸರಿ ಮಾಡುತ್ತೇನೆ ಅನ್ನುತ್ತಲೇ ಮಸ್ಕತ್ತಿಗೆ ಹೋದ. ಹಾಗಾಗಿ ಪ್ರತಿ ಗುಡುಗಿನ ನಂತರ ನಾನು ಅವನಿಗೆ ಫೋನ್ ಮಾಡಬೇಕು. ಅವನು ಅಲ್ಲಿಂದಲೇ ರಿಮೋಟಿನಲ್ಲಿ ಒಳಬಂದು, ಡೇಟಾಬೇಸ್ ಶುರು ಮಾಡಿ, ಲಾಗ್ ಆಫ್ ಆಗದೆ ವಿಂಡೋ ಮಾತ್ರ ಮುಚ್ಚಬೇಕು. ಲಾಗ್ ಆಫ್ ಆದರೆ ಅವನ ಹೆಸರಿನಲ್ಲಿ ನಡೆಯುತ್ತಿದ್ದದ್ದೆಲ್ಲ ನಿಂತಂತೆಯೇ. ಇದೆಂಥ ದರಿದ್ರ ಕೆಲಸ ಎಂದು ನಾನು ಬೈದರೆ ನಗುತ್ತಿದ್ದ. ನಿಜ ಹೇಳಬೇಕೆಂದರೆ, ಗುಡುಗಿಲ್ಲದ ತಿಂಗಳುಗಳಲ್ಲಿ ನಾವು ಮಾತಾಡುತ್ತಲೇ ಇರಲಿಲ್ಲ. ಇಬ್ಬರೂ ಮಹಾ ಸೋಮಾರಿಗಳು.

ಹೋದ ಮಳೆಗಾಲ ಮುಗಿದ ಮೇಲೆ ಅವನು ಅಲ್ಲಿ ಕೆಲಸದ ಜಾಗದಲ್ಲೇ ಕುಸಿದು ತೀರಿಹೋದ. ದಫನವೂ ಅಲ್ಲೇ ಆಯಿತು. ನಮಗ್ಯಾರಿಗೂ ಮುಖ ನೋಡಲು ಸಿಗಲಿಲ್ಲ.

ಸುದ್ದಿ ಬಂದ ಮರುದಿನ ಸರ್ವರಿನಲ್ಲಿ ಯಾರು ಯಾರು ಲಾಗಿನ್ ಆಗಿದ್ದಾರೆಂದು ನೋಡಿದೆ. ಅವನ ಹೆಸರಿತ್ತು, ಪಕ್ಕದಲ್ಲಿ ‘ಡಿಸ್ಕನೆಕ್ಟೆಡ್’ ಎಂದಿತ್ತು; ಅಂದರೆ ವಿಂಡೋ ಮುಚ್ಚಿದ್ದ, ಲಾಗ್ ಆಫ್ ಆಗಿರಲಿಲ್ಲ. ಆ ಹೆಸರಿನಡಿ ಡೇಟಾಬೇಸ್ ಓಡುತ್ತಲೇ ಇತ್ತು. ಕಡಬದಲ್ಲಿ ಯಾರದೋ ಶುಗರ್ ರಿಪೋರ್ಟು ಆಗತಾನೇ ಪ್ರಿಂಟಾಗಿತ್ತು. ಅಂದಿನಿಂದ ಬೆಳಿಗ್ಗೆ ಬಂದು ಆ ಹೆಸರನ್ನೊಮ್ಮೆ ನೋಡದೆ ನಾನು ಕೆಲಸಕ್ಕೆ ಕೂತದ್ದಿಲ್ಲ. ಹುಚ್ಚು ಅನ್ನಿ ಬೇಕಾದರೆ.

ಬೇಸಿಗೆಯ ಒಂದು ಮಧ್ಯಾಹ್ನ ಗುಡುಗಿತು. ರಿಸೆಪ್ಷನಿನಲ್ಲಿದ್ದವಳು ಅಭ್ಯಾಸದಂತೆ ಸರ್ವರಿನ ಪ್ಲಗ್ಗಿಗೆ ಕೈಹಾಕಿದಾಗ ಗದರಿಬಿಟ್ಟೆ. ಅವನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ನಿಂತರೆ ಶುರು ಮಾಡುವವರಿಲ್ಲ ಎಂದೆ. ಅದೇನೂ ಸುಳ್ಳಲ್ಲ. ಆದರೆ ನನ್ನ ಸಂಕಟ ಅದಾಗಿರಲಿಲ್ಲ. ಪ್ಲಗ್ ಕಿತ್ತರೆ ಅವನ ಹೆಸರು ಹೋಗುತ್ತಿತ್ತು. ಪುಣ್ಯಕ್ಕೆ ಸಿಡಿಲು ಬಡಿಯಲಿಲ್ಲ, ಆದರೆ ವಿಷಯ ಮಾಲೀಕರಿಗೆ ತಿಳಿಯಿತು.

ಅವರು ಸುಳ್ಯದಿಂದ ಒಬ್ಬ ಟೆಕ್ನಿಷಿಯನ್ನನ್ನು ಕರೆಸಿದರು. ಇಡೀ ಸರ್ವರಿನ ಮೇಲೆ ಅಧಿಕಾರ ಕೊಡುವ ಅಡ್ಮಿನ್ ಪಾಸ್‌ವರ್ಡ್ ಮಾಲೀಕರ ಬಳಿಯೇ ಇತ್ತು. ಟೆಕ್ನಿಷಿಯನ್ ಡೇಟಾಬೇಸನ್ನು ಸರ್ವಿಸ್ ಆಗಿ ಕೂರಿಸಿ, ಇನ್ನು ಯಾರೂ ಲಾಗಿನ್ ಆಗದಿದ್ದರೂ ಅದು ತನ್ನಷ್ಟಕ್ಕೆ ನಡೆಯುತ್ತದೆ, ಹಳೆಯ ಲಾಗಿನ್ ಒಂದನ್ನು ತೆಗೆದರಾಯಿತು ಎಂದ. ಗೆಳೆಯನ ಹೆಸರಿನ ಮೇಲೆ ಒತ್ತಿದಾಗ, ಉಳಿಸದ ಕೆಲಸವೇನಾದರೂ ಇದ್ದರೆ ಅಳಿದುಹೋಗುತ್ತದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ಅವನು ಕೈ ತಡೆದು ನನ್ನತ್ತ ತಿರುಗಿದ.

“ಇವರಿಗೆ ಒಮ್ಮೆ ಫೋನ್ ಮಾಡಿ ಕೇಳಿ ಮಾರಾಯ್ರೆ, ಎಂತಾದ್ರೂ ಅರ್ಧಕ್ಕೆ ಬಿಟ್ಟದ್ದು ಉಂಟಾ ಅಂತ.”

“ಉಂಟು,” ಅಂದೆ. “ಕೇಳುದು ಬೇಡ.”

ಅವನ ಕೈಯಿಂದ ಮೌಸ್ ತೆಗೆದುಕೊಂಡು ನಾನೇ ‘ಓಕೆ’ ಒತ್ತಿದೆ.